ಪೆಟ್ರೋಲ್ ಬಿಟ್ಟು ಎಲೆಕ್ಟ್ರಿಕ್ ಕಾರು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಕಾರು ತಂದ ಮೇಲೆ ನೆಂಟರು, ಸ್ನೇಹಿತರು, ಪಾರ್ಕಿಂಗ್‌ನಲ್ಲಿ ಸಿಗುವ ಅಪರಿಚಿತರು, ಪತ್ರ ಬರೆಯುವವರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಮೊದಲು ಕೇಳುವವು

ಪೆಟ್ರೋಲ್ ಕಾರು ಚೆನ್ನಾಗೇ ಓಡ್ತಿತ್ತಲ್ವಾ? ಮತ್ಯಾಕೆ ಬದಲಾಯಿಸಿದ್ರಿ?

ಚೆನ್ನಾಗೇ ಓಡುತ್ತಿತ್ತು. ಅದರ ಬಗ್ಗೆ ನನಗೆ ದೂರಿಲ್ಲ. ಬದಲಾಯಿಸಿದ್ದು ಹೊಗೆಗಾಗಿ. ಭೂಮಿಯ ಬಿಸಿ, ಹವಾಮಾನ ಅನ್ನುವ ದೊಡ್ಡ ವಿಷಯಕ್ಕೂ ಮೊದಲು, ಕಣ್ಣೆದುರಿನ ಹೊಗೆ.

ಮಗಳನ್ನು ಶಾಲೆಯಿಂದ ಕರೆತರಲು ಹೋದಾಗ ಗೇಟಿನ ಮುಂದೆ ಕಾರುಗಳು ಸಾಲಾಗಿ ನಿಂತಿರುತ್ತವೆ. ಎಸಿ ಬೇಕು ಅಂತ ಎಲ್ಲರ ಎಂಜಿನ್ನೂ ಆನ್. ಮಕ್ಕಳು ಆ ಕಾರುಗಳ ಸಂದಿಯಲ್ಲೇ ನುಸುಳಿಕೊಂಡು ಬರುತ್ತಾರೆ. ಒಂದು ಸಲ ಒಬ್ಬ ಪುಟ್ಟ ಹುಡುಗ ಬ್ಯಾಗಿನ ಜಿಪ್ ಎಳೆಯಲು ನನ್ನ ಕಾರಿನ ಹಿಂದೆಯೇ ಕುಕ್ಕರಗಾಲಲ್ಲಿ ಕೂತ. ಜಿಪ್ ಸಿಕ್ಕಿಹಾಕಿಕೊಂಡಿತ್ತು, ಬೇಗ ಬರಲಿಲ್ಲ. ಸೈಲೆನ್ಸರ್ ಬಾಯಿ ಅವನ ಮುಖದ ಮಟ್ಟಕ್ಕೇ ಇತ್ತು. ಕನ್ನಡಿಯಲ್ಲಿ ನೋಡಿದವನು ಎಂಜಿನ್ ಆಫ್ ಮಾಡಿದೆ. ಮುಂದಿನ ಕಾರಿಗೆ ಸೈಲೆನ್ಸರ್ ಇರಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು, ಬೆಂಜೀನ್ ಇರುತ್ತವೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ. ಇವುಗಳ ವಿಷ ತಗ್ಗಿಸಲು ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ನಿಜ. ಆದರೆ ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಮುನ್ನೂರು ಡಿಗ್ರಿಯ ಆಸುಪಾಸು ಬಿಸಿಯಾಗಬೇಕು. ಕಾರು ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಅದು ತಣ್ಣಗಿರುತ್ತದೆ. ಅಂದರೆ ಮನೆಯಿಂದ ಶಾಲೆಗೆ, ಅಂಗಡಿಗೆ ಹೋಗುವಂಥ ಚಿಕ್ಕ ಓಡಾಟದಲ್ಲೇ ಹೊಗೆ ಅತಿ ಕೊಳಕು. ನನ್ನ ಓಡಾಟದಲ್ಲಿ ಬಹುಪಾಲು ಇಂಥದ್ದೇ.

ಹಾಗಾದ್ರೆ ದುಡ್ಡು ಉಳಿಸೋಕಲ್ವಾ?

ದುಡ್ಡೂ ಉಳಿಯುತ್ತದೆ, ಆದರೆ ಎಲ್ಲರಿಗೂ ಅಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಅಷ್ಟರಲ್ಲಿ ಪೆಟ್ರೋಲ್ ಕಾರು ಹದಿನೈದು ಕಿಲೋಮೀಟರ್ ಓಡಿದರೆ, ಎಲೆಕ್ಟ್ರಿಕ್ ಕಾರು ಅರವತ್ತರ ಹತ್ತಿರ ಓಡುತ್ತದೆ. ಎಂಜಿನ್ನಿನಲ್ಲಿ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ರೇಡಿಯೇಟರ್, ಸೈಲೆನ್ಸರ್ ಮೂಲಕ ಗಾಳಿಗೆ ಹೋಗುತ್ತದೆ. ಮೋಟರಿನಲ್ಲಿ ಬಹುಪಾಲು ಚಕ್ರಕ್ಕೇ ತಲುಪುತ್ತದೆ.

ಹೀಗಾಗಿ ಓಡಿಸಿದಷ್ಟೂ ಉಳಿತಾಯ ಜಾಸ್ತಿ. ಆದರೆ ಕೊಳ್ಳುವಾಗ ಬೆಲೆ ಹೆಚ್ಚಿದ್ದರೆ, ಆ ವ್ಯತ್ಯಾಸವನ್ನು ಓಡಿಸಿಯೇ ದುಡಿಯಬೇಕು. ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ಅದು ವಾಪಸ್ ಬರದೇ ಇರಬಹುದು. ಮನೆಯ ಕರೆಂಟಿನಲ್ಲಿ ಚಾರ್ಜ್ ಮಾಡುವವರಿಗೂ ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದವರಿಗೂ ಖರ್ಚು ತುಂಬ ಬೇರೆ ಬೇರೆ. ಲೆಕ್ಕ ಹಾಕುವಾಗ ನಿಮ್ಮ ಓಟ, ನಿಮ್ಮ ದರ ಇಟ್ಟುಕೊಂಡೇ ಹಾಕಿ.

ಎಲೆಕ್ಟ್ರಿಕ್ ಕಾರು ಅಂದ್ರೆ ಈಚಿನ ಫ್ಯಾಶನ್ ಅಲ್ವಾ? ನಾಲ್ಕು ದಿನ ಇದ್ದು ಹೋಗುತ್ತೆ.

ಇದು ಪೆಟ್ರೋಲ್ ಕಾರಿನಷ್ಟೇ ಹಳೆಯದು. ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ ಮೊದಲ ಕಾರೇ ಎಲೆಕ್ಟ್ರಿಕ್. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾತ್ಸಿ ಪ್ಯಾರಿಸ್ ಹತ್ತಿರ ಅದನ್ನು ಓಡಿಸಿದರು. ಆ ಕಾಲದಲ್ಲಿ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಲು ಹ್ಯಾಂಡಲ್ ಹಾಕಿ ತಿರುವಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಬಂತು, ಅಗ್ಗದ ಪೆಟ್ರೋಲ್ ಕಾರುಗಳೂ ಬಂದವು. ಎಲೆಕ್ಟ್ರಿಕ್ ಹಿಂದೆ ಬಿತ್ತು.

ಅದನ್ನು ಮತ್ತೆ ಎಬ್ಬಿಸಿದ್ದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ ಇದಕ್ಕಾಗಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ಎಲೆಕ್ಟ್ರಿಕ್. ನಾಲ್ಕು ದಿನದ ಫ್ಯಾಶನ್ ಇಷ್ಟು ದೂರ ಬರುವುದಿಲ್ಲ.

ಗೇರ್ ಇಲ್ಲ, ಸದ್ದಿಲ್ಲ. ಓಡಿಸೋಕೆ ಏನ್ ಮಜಾ ಇರುತ್ತೆ?

ಒಂದು ಸಲ ಓಡಿಸಿ ನೋಡಿ, ಆಮೇಲೆ ಹೇಳಿ. ಎಂಜಿನ್ ತನ್ನ ಪೂರ್ತಿ ಎಳೆತ ಕೊಡಬೇಕಾದರೆ ಅದರ ವೇಗ ಏರಬೇಕು. ಮೋಟರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಹಾಫ್ ಕ್ಲಚ್ ಹಿಡಿಯುವ ಗೋಜಿಲ್ಲ. ಟ್ರಾಫಿಕ್ಕಿನಲ್ಲಿ ಎಡಗಾಲು ಸುಮ್ನೆ ಇರುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಹಿಂದಿನ ಸೀಟಿನವರ ಮಾತು ಕೂಗದೇ ಕೇಳಿಸುತ್ತದೆ.

ಸದ್ದಿಲ್ಲದಿರುವುದು ರಸ್ತೆಯಲ್ಲಿ ನಡೆಯುವವರಿಗೆ ಅಪಾಯವೂ ಹೌದು, ಅದರಲ್ಲೂ ಕಣ್ಣು ಕಾಣದವರಿಗೆ. ಅದಕ್ಕೇ ಯುರೋಪಿನ ಒಕ್ಕೂಟದಲ್ಲಿ 2021ರಿಂದ ಪ್ರತಿ ಹೊಸ ಎಲೆಕ್ಟ್ರಿಕ್ ಕಾರೂ ಗಂಟೆಗೆ 20 ಕಿಲೋಮೀಟರ್‌ಗಿಂತ ಕಡಿಮೆ ವೇಗದಲ್ಲಿ ಎಚ್ಚರಿಕೆಯ ಸದ್ದು ಮಾಡಲೇಬೇಕು. ನಿಮ್ಮ ಕಾರಿನಲ್ಲಿ ಆ ಸದ್ದು ಇದ್ದರೆ ಆಫ್ ಮಾಡಲು ದಾರಿ ಹುಡುಕಬೇಡಿ.

ಬ್ರೇಕ್ ಒತ್ತದೇನೇ ನಿಲ್ಲುತ್ತಂತೆ, ಹೌದಾ?

ಕೆಲವು ಕಾರುಗಳಲ್ಲಿ ಹೌದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರು ಜನರೇಟರ್ ಆಗಿ ತಿರುಗುತ್ತದೆ. ಕಾರಿನ ಓಟವೇ ಕರೆಂಟಾಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ, ಕಾರು ನಿಧಾನವಾಗುತ್ತದೆ. ಕಾಲನ್ನು ದಿಢೀರನೆ ಎತ್ತಿದರೆ ಜೊತೆಯಲ್ಲಿ ಕೂತವರಿಗೆ ತಲೆ ಸುತ್ತುತ್ತದೆ, ಆದ್ದರಿಂದ ಶುರುವಿನಲ್ಲಿ ಈ ಹಿಡಿತವನ್ನು ಕಡಿಮೆ ಮಟ್ಟದಲ್ಲಿಟ್ಟು ಅಭ್ಯಾಸ ಮಾಡಿ. ಒಂದು ಎಚ್ಚರಿಕೆ: ಬ್ಯಾಟರಿ ಪೂರ್ತಿ ತುಂಬಿದ್ದಾಗ ವಾಪಸ್ ಬರುವ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಈ ಹಿಡಿತ ಕಡಿಮೆಯಾಗುತ್ತದೆ. ಬೆಟ್ಟದ ಮೇಲೆ ಚಾರ್ಜ್ ಮಾಡಿ ಇಳಿಯುವವರು ಇದನ್ನು ನೆನಪಿಡಬೇಕು.

## ದಿನದ ಬಳಕೆ

ದಾರಿ ಮಧ್ಯೆ ಚಾರ್ಜ್ ಮುಗಿದ್ರೆ ಏನ್ ಗತಿ?

ಪೆಟ್ರೋಲ್ ಮುಗಿದರೆ ಆಗುವ ಗತಿಯೇ, ಆದರೆ ಕ್ಯಾನಿನಲ್ಲಿ ತಂದು ಸುರಿಯಲು ಆಗುವುದಿಲ್ಲ. ಲಾರಿಯ ಮೇಲೆ ಏರಿಸಿ ಸಾಗಿಸಬೇಕು. ಎಳೆದುಕೊಂಡು ಹೋಗುವುದು ಹೆಚ್ಚಿನ ಕಾರುಗಳಲ್ಲಿ ಸರಿಯಲ್ಲ, ಚಕ್ರ ತಿರುಗಿದರೆ ಮೋಟರೂ ತಿರುಗಿ ಹಾಳಾಗಬಹುದು.

ದಿನದ ಬಳಕೆಯಲ್ಲಿ ಇಂಥ ಸಂದರ್ಭ ಬರುವುದು ಕಷ್ಟ, ಯಾಕೆಂದರೆ ರಾತ್ರಿ ಮನೆಯಲ್ಲೇ ತುಂಬುತ್ತದೆ. ದೂರದ ಪ್ರಯಾಣಕ್ಕೆ ಮಾತ್ರ ಯೋಜನೆ ಬೇಕು. ನಾನು ಶೇ. 20ಕ್ಕೆ ಇಳಿಯುವ ಮೊದಲೇ ನಿಲ್ಲಿಸುತ್ತೇನೆ. ನಿಲ್ಲಿಸುವ ಚಾರ್ಜರ್ ಕೆಟ್ಟಿದ್ದರೆ ಹೋಗಬಹುದಾದ ಇನ್ನೊಂದು ಚಾರ್ಜರ್ ಯಾವುದು ಅಂತ ಹೊರಡುವ ಮೊದಲೇ ನೋಡಿಕೊಳ್ಳುತ್ತೇನೆ. ಈ ಎರಡನೆಯದು ತುಂಬ ಮುಖ್ಯ. ನಕಾಶೆಯಲ್ಲಿ ಚಾರ್ಜರ್ ಇದೆ ಅಂದಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಅಂತಲ್ಲ.

ಕಂಪನಿ ಹೇಳಿದಷ್ಟು ಕಿಲೋಮೀಟರ್ ಬರುತ್ತಾ?

ಬರುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಹದವಾದ ವೇಗದಲ್ಲಿ ಅಳೆದ ಲೆಕ್ಕ ಅದು. ನಿಮ್ಮ ಲೆಕ್ಕ ಹೀಗಿರಲಿ: ಮಧ್ಯಮ ಗಾತ್ರದ ಕಾರು 100 ಕಿಲೋಮೀಟರ್‌ಗೆ ಸುಮಾರು 15 ಯೂನಿಟ್ ತಿನ್ನುತ್ತದೆ. ಬ್ಯಾಟರಿ 60 ಯೂನಿಟ್‌ನದಾದರೆ 400 ಕಿಲೋಮೀಟರ್.

ಪೆಟ್ರೋಲ್ ಕಾರಿಗೆ ಹೆದ್ದಾರಿಯಲ್ಲಿ ಮೈಲೇಜ್ ಜಾಸ್ತಿ, ಊರೊಳಗೆ ಕಡಿಮೆ. ಇಲ್ಲಿ ಉಲ್ಟಾ. ಊರೊಳಗೆ ನಿಲ್ಲಿಸಿದಾಗೆಲ್ಲ ಕರೆಂಟ್ ವಾಪಸ್ ಬರುತ್ತದೆ. ಹೆದ್ದಾರಿಯಲ್ಲಿ ಬರೀ ಗಾಳಿಯ ಜೊತೆ ಗುದ್ದಾಟ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 120ರಲ್ಲಿ ಹೋಗುವವರು 90ಕ್ಕೆ ಇಳಿದರೆ ಸಿಗುವ ದೂರದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರುತ್ತದೆ. ತೀರಾ ಚಳಿಯಲ್ಲೂ ದೂರ ಇಳಿಯುತ್ತದೆ, ಯಾಕೆಂದರೆ ಕಾರಿನೊಳಗೆ ಬೆಚ್ಚಗಿಡಲು ಎಂಜಿನ್ನಿನ ಪುಕ್ಕಟೆ ಶಾಖ ಇಲ್ಲ. ಅದಕ್ಕೂ ಬ್ಯಾಟರಿಯೇ ಕೊಡಬೇಕು.

ನಿಲ್ಲಿಸಿ ಎಸಿ ಹಾಕ್ಕೊಂಡು ಕೂತ್ರೆ ಬ್ಯಾಟರಿ ಖಾಲಿ ಆಗಲ್ವಾ?

ಇದು ನನಗೆ ಇಷ್ಟದ ಪ್ರಶ್ನೆ. ಕಾರಿನೊಳಗೆ ಒಮ್ಮೆ ತಂಪಾದ ಮೇಲೆ ಅದನ್ನು ಹಾಗೇ ಇಡಲು ಗಂಟೆಗೆ ಸುಮಾರು ಒಂದು ಯೂನಿಟ್ ಸಾಕು. ಅಂದರೆ ಆರೇಳು ಕಿಲೋಮೀಟರ್ ಓಟದಷ್ಟು.

ನನ್ನ ತಂದೆಗೆ ಉಬ್ಬಸ ಇದೆ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸರದಿ ಬರುವವರೆಗೆ ಅವರು ಕಾರಿನಲ್ಲೇ ಸೀಟು ಹಿಂದಕ್ಕೆ ಮಾಡಿ ಮಲಗುತ್ತಾರೆ. ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಪೆಟ್ರೋಲ್ ಕಾರಿನ ಎಂಜಿನ್ ಆನ್ ಇಟ್ಟು ಕೂರುವುದು ಒಳಗಿನವರಿಗೂ ಹೊರಗಿನವರಿಗೂ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ಈಗ ಕಿಟಕಿ ಏರಿಸಿ, ಎಸಿ ಹಾಕಿ, ಅವರನ್ನು ನಿಶ್ಚಿಂತೆಯಿಂದ ಮಲಗಿಸಿ ನಾನು ಚೀಟಿ ಮಾಡಿಸಲು ಹೋಗುತ್ತೇನೆ. ಈ ಒಂದು ಅನುಕೂಲಕ್ಕೇ ನಾನು ಈ ಕಾರನ್ನು ಮತ್ತೆ ಕೊಳ್ಳುತ್ತೇನೆ.

ಮನೇಲಿ ಚಾರ್ಜ್ ಮಾಡೋಕೆ ಏನೆಲ್ಲ ಬೇಕು?

ಕನಿಷ್ಠ ಅಂದರೆ 16 ಆಂಪಿಯರ್‌ನ ಒಂದು ಒಳ್ಳೆ ಸಾಕೆಟ್, ಸರಿಯಾದ ಅರ್ಥಿಂಗ್. ಅದರಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತದೆ. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ 30 ಯೂನಿಟ್, ಅಂದರೆ ಇನ್ನೂರರ ಹತ್ತಿರ ಕಿಲೋಮೀಟರ್. ದಿನಕ್ಕೆ ಅಷ್ಟು ಓಡಿಸುವವರು ಎಷ್ಟು ಜನ? ಗೋಡೆಗೆ ಹಾಕುವ 7 ಕಿಲೋವ್ಯಾಟ್ ಚಾರ್ಜರ್ ಇದ್ದರೆ ಅರ್ಧಕ್ಕಿಂತ ಕಡಿಮೆ ಹೊತ್ತು ಸಾಕು.

ವೈರಿಂಗ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮಿಕ್ಸಿ ಕೆಲವು ನಿಮಿಷ ಓಡುತ್ತದೆ, ಕಾರು ಇಡೀ ರಾತ್ರಿ ಪೂರ್ತಿ ಲೋಡ್ ಎಳೆಯುತ್ತದೆ. ಹಳೇ ಸಾಕೆಟ್ಟು, ಸಡಿಲ ಸ್ಕ್ರೂ, ಎಕ್ಸ್‌ಟೆನ್ಶನ್ ಬೋರ್ಡು ಇವೆಲ್ಲ ಕರಗುತ್ತವೆ. ಮೀಟರಿನಿಂದ ಪ್ರತ್ಯೇಕ ವೈರು, ಅದಕ್ಕೇ ಒಂದು ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನಾಗೇ ಆಫ್ ಆಗುವ ಸ್ವಿಚ್ಚು), ಜೊತೆಗೆ ಶಾಕ್ ತಡೆಯುವ ಆರ್‌ಸಿಸಿಬಿ ಹಾಕಿಸಿ. ಇದಕ್ಕೆ ನುರಿತ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಇಲ್ಲಿ ಉಳಿಸಬೇಡಿ.

ನಮಗೆ ಸ್ವಂತ ಪಾರ್ಕಿಂಗ್ ಇಲ್ಲ, ರಸ್ತೇಲೇ ನಿಲ್ಲಿಸ್ತೀವಿ. ನಾವೂ ತಗೋಬಹುದಾ?

ಮನೆಯಲ್ಲೋ ಕೆಲಸದ ಜಾಗದಲ್ಲೋ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಸದ್ಯಕ್ಕೆ ಬೇಡ ಅನ್ನುತ್ತೇನೆ. ತಗೊಂಡವರು ಇದ್ದಾರೆ, ಸಂಭಾಳಿಸುತ್ತಿದ್ದಾರೆ. ಆದರೆ ವಾರಕ್ಕೆರಡು ಸಲ ಚಾರ್ಜರ್ ಹುಡುಕಿ, ಸರದಿಯಲ್ಲಿ ನಿಂತು, ಹೆಚ್ಚಿನ ದರ ಕೊಟ್ಟರೆ ಈ ಕಾರಿನ ಸುಖದಲ್ಲಿ ಅರ್ಧ ಹೋದ ಹಾಗೆ.

ಮಳೇಲಿ ಚಾರ್ಜ್ ಮಾಡಿದ್ರೆ ಶಾಕ್ ಹೊಡೆಯಲ್ವಾ?

ಇಲ್ಲ. ಕಂಪನಿಯ ಚಾರ್ಜರಿನ ಗನ್, ಅಂದರೆ ಕೇಬಲ್ಲಿನ ತುದಿಯ ಪ್ಲಗ್, ಕಾರಿಗೆ ಸಿಕ್ಕಿಸಿದ ಕೂಡಲೇ ಕರೆಂಟ್ ಹರಿಯುವುದಿಲ್ಲ. ಮೊದಲು ಕಾರು ಮತ್ತು ಚಾರ್ಜರ್ ಒಂದು ಸಣ್ಣ ಪಿನ್ನಿನ ಮೂಲಕ ಸಂಕೇತ ಹಂಚಿಕೊಳ್ಳುತ್ತವೆ. ಗನ್ ಸರಿಯಾಗಿ ಕೂತಿದೆ, ಅರ್ಥಿಂಗ್ ಇದೆ ಅಂತ ಖಚಿತವಾದ ಮೇಲೇ ಲೈನು ಕೂಡುತ್ತದೆ. ಆದರೆ ಗೋಡೆಯ ಸಾಕೆಟ್ಟು ಮಾತ್ರ ಮಳೆಗೆ ನೆನೆಯಬಾರದು.

ಬ್ಯಾಟರಿ ಪೆಟ್ಟಿಗೆ ಸಾಮಾನ್ಯವಾಗಿ ಐಪಿ67 ದರ್ಜೆಯದು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಪರೀಕ್ಷೆ ಅದು. ಹಾಗಂತ ತುಂಬಿ ಹರಿಯುವ ನೀರಿಗೆ ಕಾರು ಇಳಿಸಬೇಡಿ. ಸೀಟು, ವೈರಿಂಗ್, ಕನೆಕ್ಟರುಗಳಿಗೆ ಆ ರಕ್ಷಣೆ ಇಲ್ಲ. ಕಾರು ತೇಲಿ ಹೋಗುವುದನ್ನು ಯಾವ ದರ್ಜೆಯೂ ತಡೆಯುವುದಿಲ್ಲ.

ಸರ್ವಿಸ್ ಖರ್ಚೇ ಇಲ್ವಂತೆ?

ಕಡಿಮೆ, ಇಲ್ಲ ಅಂತಲ್ಲ. ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕ್ಲಚ್, ಟೈಮಿಂಗ್ ಬೆಲ್ಟ್, ಸೈಲೆನ್ಸರ್ ಇವು ಇಲ್ಲ. ಬ್ರೇಕ್ ಆಯಿಲ್, ಕೂಲಂಟ್, ಎಸಿ ಫಿಲ್ಟರ್, ಸಸ್ಪೆನ್ಶನ್ ಇವೆ. ಬ್ರೇಕ್ ಪ್ಯಾಡ್ ತುಂಬ ಬಾಳಿಕೆ ಬರುತ್ತದೆ. ಟೈರು ಮಾತ್ರ ಬೇಗ ಸವೆಯಬಹುದು, ಕಾರಿನ ತೂಕವೂ ಎಳೆತವೂ ಜಾಸ್ತಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ, ದೊಡ್ಡದು ತುಂಬಿದ್ದರೂ ಕಾರು ಆನ್ ಆಗುವುದಿಲ್ಲ.

## ಬ್ಯಾಟರಿ

ಮೊಬೈಲ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತೆ. ಕಾರಿಂದು ಎಷ್ಟು ವರ್ಷ?

ಮೊಬೈಲನ್ನು ದಿನವೂ ಸೊನ್ನೆಯಿಂದ ನೂರರವರೆಗೆ ಎಳೆಯುತ್ತೇವೆ, ಬಿಸಿಯಾದರೆ ತಂಪು ಮಾಡುವ ವ್ಯವಸ್ಥೆ ಇಲ್ಲ. ಕಾರಿನಲ್ಲಿ ಒಂದೊಂದು ಸೆಲ್ಲನ್ನೂ ಗಮನಿಸುವ ಕಂಪ್ಯೂಟರ್ ಇದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ಸುತ್ತ ಕೂಲಂಟ್ ಹರಿಯುತ್ತದೆ. ನೂರರ ಮೇಲೂ ಸೊನ್ನೆಯ ಕೆಳಗೂ ಒಂದಿಷ್ಟು ಸಾಮರ್ಥ್ಯವನ್ನು ಕಾರು ನಿಮಗೆ ತೋರಿಸದೆ ಕಾದಿಟ್ಟಿರುತ್ತದೆ.

ಬಳಕೆಯಲ್ಲಿರುವ ಕಾರುಗಳಲ್ಲಿ ಸವೆತ ವರ್ಷಕ್ಕೆ ಸರಾಸರಿ ಶೇ. 2ರ ಆಸುಪಾಸು ಕಂಡುಬಂದಿದೆ. ಹೆಚ್ಚಿನ ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್‌ಗೆ ವಾರಂಟಿ ಕೊಡುತ್ತವೆ. ಅಷ್ಟರೊಳಗೆ ಸಾಮರ್ಥ್ಯ ಶೇ. 70ಕ್ಕಿಂತ ಇಳಿದರೆ ರಿಪೇರಿ ಮಾಡಿಕೊಡುವುದು ರೂಢಿ. ವಾರಂಟಿಯ ಸಣ್ಣ ಅಕ್ಷರ ಓದಿ. ಬ್ಯಾಟರಿ ಪೂರ್ತಿ ಕೆಟ್ಟರೆ ಅನ್ನುವುದಕ್ಕೂ ಸಾಮರ್ಥ್ಯ ಇಳಿದರೆ ಅನ್ನುವುದಕ್ಕೂ ವ್ಯತ್ಯಾಸ ಇದೆ.

80 ಪರ್ಸೆಂಟ್‌ಗಿಂತ ಜಾಸ್ತಿ ಚಾರ್ಜ್ ಮಾಡಲೇಬಾರದಾ?

ಅದು ಬ್ಯಾಟರಿಯ ಜಾತಿ ನೋಡಿ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಬ್ಯಾಟರಿಗೆ ದಿನನಿತ್ಯ ಶೇ. 80 ಸಾಕು, ದೂರ ಹೋಗುವ ಮುನ್ನ ಮಾತ್ರ ಪೂರ್ತಿ ತುಂಬಿಸಿ. ಕಬ್ಬಿಣ ಮತ್ತು ಫಾಸ್ಫೇಟಿನ ಎಲ್‌ಎಫ್‌ಪಿ ಬ್ಯಾಟರಿಯಾದರೆ ಆಗಾಗ ನೂರಕ್ಕೆ ತುಂಬಿಸಿ ಅಂತ ಕಂಪನಿಗಳೇ ಹೇಳುತ್ತವೆ. ಅದರ ವೋಲ್ಟೇಜು ಮುಕ್ಕಾಲು ತುಂಬಿದಾಗಲೂ ಅರ್ಧ ಇದ್ದಾಗಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೂರು ಮುಟ್ಟದೆ ಎಷ್ಟು ಉಳಿದಿದೆ ಅನ್ನುವ ಲೆಕ್ಕ ಕಾರಿಗೆ ಸರಿಯಾಗಿ ಸಿಗುವುದಿಲ್ಲ.

ಎರಡಕ್ಕೂ ಶತ್ರು ಒಂದೇ: ಪೂರ್ತಿ ತುಂಬಿಸಿ ಬಿರುಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು.

ಫಾಸ್ಟ್ ಚಾರ್ಜರಲ್ಲಿ 80 ಆದ್ಮೇಲೆ ಯಾಕಷ್ಟು ನಿಧಾನ?

ಕೊಡ ತುಂಬುತ್ತಾ ಬಂದಾಗ ನಲ್ಲಿ ಸಣ್ಣ ಮಾಡುವ ಹಾಗೆ. ಜಾಗ ಕಡಿಮೆಯಾದ ಮೇಲೂ ರಭಸವಾಗಿ ತಳ್ಳಿದರೆ ಲಿಥಿಯಂ ಒಳಗೆ ಸೇರದೆ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ, ಬ್ಯಾಟರಿ ಹಾಳಾಗುತ್ತದೆ. ಪ್ರಯಾಣದಲ್ಲಿ 80ಕ್ಕೇ ಗನ್ ತೆಗೆದು ಹೊರಡುವುದು ನಿಮಗೂ ಲಾಭ, ಹಿಂದೆ ಕಾಯುತ್ತಿರುವವರಿಗೂ ಉಪಕಾರ.

ಬೆಂಕಿ ಹತ್ತುತ್ತಂತಲ್ಲ, ಭಯ ಆಗಲ್ವಾ?

ಸ್ವೀಡನ್, ನಾರ್ವೆಯಂಥ ದೇಶಗಳಲ್ಲಿ ಇದರ ಲೆಕ್ಕ ಇಟ್ಟಿದ್ದಾರೆ. ರಸ್ತೆಯಲ್ಲಿರುವ ಕಾರುಗಳ ಸಂಖ್ಯೆಗೆ ಹೋಲಿಸಿದರೆ ಬೆಂಕಿ ಬೀಳುವುದು ಪೆಟ್ರೋಲ್, ಡೀಸೆಲ್ ಕಾರುಗಳಲ್ಲೇ ಜಾಸ್ತಿ. ಎಲೆಕ್ಟ್ರಿಕ್ ಕಾರುಗಳು ಸರಾಸರಿಯಲ್ಲಿ ಹೊಸವು ಅನ್ನುವುದನ್ನೂ ಇಲ್ಲಿ ಗಮನಿಸಬೇಕು.

ಆದರೆ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಒಂದು ಸೆಲ್ಲಿನ ಶಾಖ ಪಕ್ಕದ ಸೆಲ್ಲಿಗೆ ಹರಡುತ್ತದೆ, ಆರಿತು ಅಂದುಕೊಂಡ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ತುಂಬ ನೀರು ಬೇಕು. ಬ್ಯಾಟರಿ ಇರುವುದು ಕಾರಿನ ತಳದಲ್ಲೇ, ಅದು ಬಲವಾಗಿ ಕಲ್ಲಿಗೆ ಬಡಿದರೆ ಸರ್ವಿಸ್ ಸೆಂಟರಿನಲ್ಲಿ ತೋರಿಸದೆ ಬಿಡಬೇಡಿ. ಅಪಘಾತವಾದ ಕಾರನ್ನು ಮನೆಗೆ ಅಂಟಿಕೊಂಡಂತೆ ನಿಲ್ಲಿಸಬೇಡಿ. ಇಷ್ಟು ಎಚ್ಚರ ಇದ್ದರೆ ನನಗೆ ಭಯವಿಲ್ಲ.

## ಆಳದ ಪ್ರಶ್ನೆಗಳು

ಕರೆಂಟ್ ಬರೋದೂ ಕಲ್ಲಿದ್ದಲಿಂದಲೇ ಅಲ್ವಾ? ಹೊಗೆ ಬೇರೆ ಕಡೆ ಹೋಯ್ತು ಅಷ್ಟೇ.

ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುವ ಕಾರು 100 ಕಿಲೋಮೀಟರ್‌ಗೆ ಸುಮಾರು 15 ಕಿಲೋ ಬಿಡುತ್ತದೆ. ಕಚ್ಚಾ ತೈಲ ತೆಗೆದು, ಸಾಗಿಸಿ, ಶುದ್ಧ ಮಾಡುವಾಗಿನದು ಬೇರೆ. ಕಲ್ಲಿದ್ದಲಿನ ಕರೆಂಟಿಗೆ ಯೂನಿಟ್ಟಿಗೆ ಸುಮಾರು 1 ಕಿಲೋ. ಚಾರ್ಜ್ ಮಾಡುವಾಗಿನ ನಷ್ಟ ಸೇರಿ 100 ಕಿಲೋಮೀಟರ್‌ಗೆ ಹದಿನಾರು ಹದಿನೇಳು ಕಿಲೋ. ಅಂದರೆ ಪೂರ್ತಿ ಕಲ್ಲಿದ್ದಲನ್ನೇ ಸುಟ್ಟರೆ ಎರಡೂ ಹೆಚ್ಚುಕಡಿಮೆ ಸಮ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಎಲ್ಲ ಕರೆಂಟೂ ಕಲ್ಲಿದ್ದಲಿನದಲ್ಲ. ನೀರು, ಗಾಳಿ, ಬಿಸಿಲು, ಅಣುಶಕ್ತಿ, ಅನಿಲ ಎಲ್ಲ ಸೇರಿದ ಜಗತ್ತಿನ ಸರಾಸರಿ ಯೂನಿಟ್ಟಿಗೆ ಅರ್ಧ ಕಿಲೋದ ಹತ್ತಿರ. ಅಲ್ಲಿಗೆ ನಿಮ್ಮ ಕಾರಿನ ಲೆಕ್ಕವೂ ಅರ್ಧಕ್ಕಿಳಿಯಿತು. ಬ್ಯಾಟರಿ ತಯಾರಿಸುವಾಗ ಹೆಚ್ಚಿಗೆ ಹೋಗುವ ಇಂಗಾಲವನ್ನೂ ಇದರಲ್ಲೇ ತೀರಿಸಬೇಕು. ಸಾಧಾರಣ ಕರೆಂಟಿನಲ್ಲಿ ಕೆಲವು ಹತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದು ತೀರುತ್ತದೆ. ಪೆಟ್ರೋಲ್ ಕಾರು ಹಳೆಯದಾದಷ್ಟೂ ಹೊಗೆ ಹೆಚ್ಚು. ಎಲೆಕ್ಟ್ರಿಕ್ ಕಾರು, ಊರಿನ ಕರೆಂಟ್ ಶುದ್ಧವಾದಷ್ಟೂ ತಾನೂ ಶುದ್ಧವಾಗುತ್ತದೆ.

ಇನ್ನು ಹೊಗೆ ಬೇರೆ ಕಡೆ ಹೋಯ್ತು ಅನ್ನುವ ಮಾತು. ವಿದ್ಯುತ್ ಸ್ಥಾವರದ ಪಕ್ಕದಲ್ಲೂ ಜನ ಇದ್ದಾರೆ, ಅವರನ್ನು ಮರೆಯಬಾರದು. ಆದರೆ ಒಂದು ಎತ್ತರದ ಚಿಮಣಿಗೆ ಒಳ್ಳೆಯ ಫಿಲ್ಟರ್ ಹಾಕಿ ಅಂತ ಒತ್ತಾಯಿಸಬಹುದು. ಶಾಲೆಯ ಗೇಟಿನ ಮುಂದೆ ನಿಂತ ಅಷ್ಟೂ ಕಾರಿನ ಸೈಲೆನ್ಸರನ್ನು ಯಾರು ಕಾಯುತ್ತಾರೆ?

ಬ್ಯಾಟರಿಗೋಸ್ಕರ ಗಣಿ ಅಗೀತಾರೆ, ಮಕ್ಕಳನ್ನ ದುಡಿಸ್ತಾರೆ. ಅದು ಸರೀನಾ?

ಸರಿಯಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ. ಅಲ್ಲಿ ಕೈಯಲ್ಲಿ ಅಗೆಯುವ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿರುವುದು ನಿಜ. ಮಕ್ಕಳ ಉಸಿರಿಗಾಗಿ ಕಾರು ಬದಲಾಯಿಸಿ, ಇನ್ನೆಲ್ಲೋ ಇರುವ ಮಕ್ಕಳನ್ನು ಮರೆಯಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಎಲ್‌ಎಫ್‌ಪಿ ಬ್ಯಾಟರಿಯ ಕಾರನ್ನೇ ಆರಿಸಿದೆ. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕಲ್ಲೂ ಇಲ್ಲ. ಅದೇ ತೂಕಕ್ಕೆ ಶಕ್ತಿ ಸ್ವಲ್ಪ ಕಡಿಮೆ, ಒಂದೇ ಚಾರ್ಜಿನಲ್ಲಿ ಹೋಗುವ ದೂರವೂ ಕಡಿಮೆ. ನಾನು ಒಪ್ಪಿಕೊಂಡೆ.

ಲಿಥಿಯಂಗಾಗಿ ನೆಲ ಅಗೆಯುವುದು, ನೀರು ಬಳಸುವುದು ಇದ್ದೇ ಇದೆ. ಆದರೆ ಪೆಟ್ರೋಲ್ ಒಮ್ಮೆ ಉರಿದರೆ ಮುಗಿಯಿತು, ನಾಳೆ ಮತ್ತೆ ಬಾವಿಯಿಂದ ಎತ್ತಬೇಕು. ಬ್ಯಾಟರಿಯೊಳಗಿನ ಲೋಹ ಅಲ್ಲೇ ಇರುತ್ತದೆ, ಕರಗಿಸಿ ಮತ್ತೆ ಬಳಸಬಹುದು. ಯುರೋಪಿನ ಒಕ್ಕೂಟ 2023ರಲ್ಲಿ ತಂದ ನಿಯಮದಂತೆ, 2027ರಿಂದ ಅಲ್ಲಿ ಮಾರುವ ಪ್ರತಿ ಹೊಸ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೂ ಅದರ ಪೂರ್ವಾಪರ ತಿಳಿಸುವ ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು. ಇಂಥದ್ದು ಎಲ್ಲ ಕಡೆ ಬರಲಿ ಅಂತ ಆಸೆ.

ಹೈಬ್ರಿಡ್ ತಗೊಂಡಿದ್ರೆ ಎರಡೂ ಸಿಗ್ತಿತ್ತಲ್ವಾ?

ಪೆಟ್ರೋಲ್ ಎಂಜಿನ್ನೂ ಮೋಟರೂ ಎರಡೂ ಇರುವ ಹೈಬ್ರಿಡ್, ಪೆಟ್ರೋಲ್ ಉಳಿತಾಯಕ್ಕೆ ಒಳ್ಳೆಯದೇ. ಪಾರ್ಕಿಂಗ್ ಇಲ್ಲದವರಿಗೆ, ಚಾರ್ಜರ್ ವಿರಳವಾದ ದಾರಿಯಲ್ಲಿ ದಿನವೂ ಓಡುವವರಿಗೆ ನಾನೇ ಅದನ್ನು ಹೇಳುತ್ತೇನೆ. ನನಗೆ ಬೇಡವಾಗಿದ್ದು ಸೈಲೆನ್ಸರ್. ಅದು ಅದರಲ್ಲೂ ಇದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಏನೇನು ನೋಡ್ಬೇಕು?

ಮೀಟರಿನ ಕಿಲೋಮೀಟರ್‌ಗಿಂತ ಬ್ಯಾಟರಿಯ ಆರೋಗ್ಯ ಮುಖ್ಯ. ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಎಷ್ಟು ಪಾಲು ಉಳಿದಿದೆ ಅನ್ನುವುದನ್ನು ಸರ್ವಿಸ್ ಸೆಂಟರಿನಲ್ಲಿ ಅಳೆಸಿ, ಬರವಣಿಗೆಯಲ್ಲಿ ಪಡೆಯಿರಿ. ಪರದೆಯಲ್ಲಿ ಕಾಣುವ ಕಿಲೋಮೀಟರ್ ನಂಬಬೇಡಿ, ಅದು ಹಿಂದಿನ ಮಾಲೀಕರು ಓಡಿಸಿದ ರೀತಿ ನೋಡಿ ಕಾರು ಮಾಡಿದ ಅಂದಾಜು. ವಾರಂಟಿ ಹೊಸ ಮಾಲೀಕರಿಗೆ ವರ್ಗವಾಗುತ್ತದಾ ಕೇಳಿ, ಕೆಲವು ಕಡೆ ಆಗುವುದಿಲ್ಲ. ಬ್ಯಾಟರಿಗೆ ಕೂಲಂಟ್ ವ್ಯವಸ್ಥೆ ಇದೆಯಾ ನೋಡಿ. ಬರೀ ಗಾಳಿಯಿಂದ ತಂಪಾಗುತ್ತಿದ್ದ ಹಳೆಯ ಮಾದರಿಗಳು ಬಿಸಿಲಿನ ಊರುಗಳಲ್ಲಿ ಬೇಗ ಸವೆದಿವೆ.

ಕಾರನ್ನು ಲಿಫ್ಟ್ ಮೇಲೆ ಏರಿಸಿ ತಳ ನೋಡಿ, ಬ್ಯಾಟರಿ ಪೆಟ್ಟಿಗೆಯಲ್ಲಿ ನೆಗ್ಗು ಇರಬಾರದು. ಒಮ್ಮೆ ಮನೆಯ ಸಾಕೆಟ್ಟಿನಲ್ಲೂ ಒಮ್ಮೆ ಫಾಸ್ಟ್ ಚಾರ್ಜರಿನಲ್ಲೂ ನಿಮ್ಮೆದುರೇ ಹಾಕಿಸಿ ಪರೀಕ್ಷಿಸಿ. ಮಾಲೀಕರು ಚಾರ್ಜಿಂಗ್ ಕೇಬಲ್ ಕೊಡುತ್ತಾರಾ ಅನ್ನುವುದನ್ನೂ ಕೇಳಿಕೊಳ್ಳಿ, ಎಷ್ಟೋ ಸಲ ಅದು ಅವರ ಗೋಡೆಯಲ್ಲೇ ಉಳಿದುಬಿಡುತ್ತದೆ.